ಮೂರು ರಾತ್ರಿಯ ಡ್ಯೂಟಿ

ಒಂದು ನಂಬರು ದೊಡ್ಡ ಬೂಟು ಕೊಂಡೆ.
ಲಕ್ಷ್ಮೀ ರೋಡಿನ ಅಂಗಡಿಯ ಹುಡುಗ ಎರಡೆರಡು ಸಲ ಕೇಳಿದ,
ಮಾವಶಿ, ಸಡಿಲ ಆಗುವುದಿಲ್ಲವಾ?
ಎರಡನೆಯ ರಾತ್ರಿ ಪಾದ ಬಾತುಕೊಳ್ಳುತ್ತದಪ್ಪಾ ಎಂದೆ.
ಯಾವ ರಾತ್ರಿ ಎಂದು ಅವನು ಕೇಳಲಿಲ್ಲ,
ಬಿಲ್ಲು ಹರಿದು ಕೊಟ್ಟ.

ಸಸೂನ್ ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ
ಬೇರೆಯವರ ಪಾದ ತೊಳೆದಿದ್ದೇನೆ.
ಸಕ್ಕರೆ ಕಾಯಿಲೆಯ ಪಾದ, ಮೊಳೆ ಹೊಕ್ಕ ಪಾದ,
ಆಷಾಢದಲ್ಲಿ ಪಂಢರಪುರದ ದಾರಿ ಹಿಡಿದು
ಅಂಗಾಲಿನ ತೊಗಲು ಎದ್ದುಬಂದ ಮುದುಕರ ಪಾದ.
ಬೇಗ ಕಟ್ಟಿ ಸಿಸ್ಟರ್, ದಿಂಡಿ ಮುಂದೆ ಹೋಯಿತು,
ಎಲ್ಲರದೂ ಅದೇ ಮಾತು.
ಆಗ ಬೈಯುತ್ತಿದ್ದೆ.

ಈಗ ಅರವತ್ತೆರಡಕ್ಕೆ
ಅಡುಗೆಮನೆಯಲ್ಲಿ ಮಣೆ ಹಾಕಿ ಕೂತು
ನನ್ನದೇ ನೀರುಗುಳ್ಳೆಗೆ ಸೂಜಿ ಕಾಯಿಸುತ್ತೇನೆ.
ತೊಗಲು ಕೀಳಬೇಡಿ, ನೀರಷ್ಟೇ ಬಿಡಿ.
ಕಲಿಯುವ ಹುಡುಗಿಯರಿಗೆ ಹೇಳುತ್ತಿದ್ದುದನ್ನು
ನನಗೇ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ.

ಜನವರಿಗೆ ಎಪ್ಪತ್ತೆರಡು ತಾಸು.
ಒಂದು ಕೆರೆ, ಅದರ ಸುತ್ತ ಅದೇ ದಾರಿ.
ಎಲ್ಲಿಗೂ ಮುಟ್ಟಿಸದ ಓಟಕ್ಕೆ ದುಡ್ಡು ಬೇರೆ ಕಟ್ಟಬೇಕಾ,
ಮಗಳು ಸುಗಲಾ ನಾಸಿಕದಿಂದ ಫೋನು ಮಾಡುತ್ತಾಳೆ,
ಅವ್ವಾ, ನಿನ್ನ ಮೊಣಕಾಲು?
ಎಕ್ಸ್-ರೇ ನಾನೇ ಕಿಟಕಿಗೆ ಹಿಡಿದು ನೋಡಿದ್ದೇನೆ.
ಎಡಗಡೆ ಸವೆದಿದೆ, ಹಳೆಯ ಮನೆಯ ಹೊಸ್ತಿಲಿನ ಹಾಗೆ.
ಹೊಸ್ತಿಲು ಸವೆಯಿತೆಂದು ಯಾರೂ
ಒಳಗೆ ಹೊರಗೆ ಮಾಡುವುದನ್ನು ಬಿಡುವುದಿಲ್ಲ.

ನಡೆಯುತ್ತಲೇ ತಿನ್ನುವುದನ್ನೂ ಕಲಿಯಬೇಕು.
ಉಪ್ಪು ಹಚ್ಚಿದ ಆಲೂಗಡ್ಡೆ, ಕಾಲು ಶೇಂಗಾ ಹೋಳಿಗೆ.
ಐದನೆಯ ತಾಸಿಗೆ ಸಿಹಿ ಕಂಡರೆ ಹೊಟ್ಟೆ ತೊಳಸುತ್ತದೆ,
ಮಜ್ಜಿಗೆ ನಿಲ್ಲುತ್ತದೆ.
ನಾಡಿ, ತೂಕ, ಮೂತ್ರದ ಬಣ್ಣ,
ಹಾಸಿಗೆ ನಂಬರಿಲ್ಲದ ರೋಗಿಗೆ
ದಿನವೂ ಚಾರ್ಟು ಬರೆಯುತ್ತೇನೆ.

ನಿದ್ದೆಗೆಡುವುದನ್ನು ಮಾತ್ರ ನನಗೆ ಯಾರೂ ಕಲಿಸಬೇಕಿಲ್ಲ.
ಬೆಳಗಿನ ಜಾವ ಮೂರೂವರೆಗೆ
ವಾರ್ಡಿನ ಗೋಡೆ ಉಸಿರಾಡುತ್ತದೆ,
ಸಲೈನಿನ ಹನಿ ಹೆಸರು ಹಿಡಿದು ಕರೆಯುತ್ತದೆ.
ಜನ ಹೋಗುವುದೂ ಹೆಚ್ಚಾಗಿ ಅದೇ ಹೊತ್ತಿಗೆ.
ಆಗ ಕುರ್ಚಿಯಲ್ಲಿ ಕೂರಬಾರದು.
ಎದ್ದು ಒಂದು ಸುತ್ತು ಹಾಕಬೇಕು,
ಒಂದೊಂದೇ ಹಾಸಿಗೆಯ ಹತ್ತಿರ ನಿಂತು
ಎದೆ ಏಳುತ್ತಿದೆಯಾ ನೋಡಬೇಕು,
ಕೊನೆಯ ಹಾಸಿಗೆ ಮುಗಿದರೆ ಮತ್ತೆ ಮೊದಲನೆಯದು.
ಇದಕ್ಕೇ ಈಗ ಪದಕ ಕೊಡುತ್ತಾರಂತೆ.

ಶನಿವಾರ ರಾತ್ರಿ ಮಂಗಳವಾರ ಪೇಟೆಯ ಶಾಲೆಯ ಮೈದಾನ.
ಕಾವಲಿನ ಕಾಂಬಳೆ ಗೇಟು ತೆಗೆದು ಹೋಗಿ ಮಲಗುತ್ತಾನೆ.
ನಮ್ಮವರು, ಪಾರ್ಸಲ್ ಆಫೀಸಿನ ಗುರುಸಿದ್ಧಪ್ಪನವರು,
ಮಂಕಿ ಟೋಪಿ ಹಾಕಿಕೊಂಡು ಸಿಮೆಂಟಿನ ಕಟ್ಟೆಯ ಮೇಲೆ,
ಮಗ್ಗುಲಲ್ಲಿ ಎರಡು ಸ್ಟೀಲಿನ ಡಬ್ಬಿ.
ಸುತ್ತಿಗೊಂದು ಹುಣಸೆ ಬೀಜ
ಈ ಡಬ್ಬಿಯಿಂದ ಆ ಡಬ್ಬಿಗೆ.
ಟಣ್ ಎನ್ನುವ ಸದ್ದು
ಮೈದಾನದ ಆ ತುದಿಗೂ ಕೇಳುತ್ತದೆ.

ಹೋದ ವಾರ ಸದ್ದು ನಿಂತಿತು.

ಕತ್ತು ವಾಲಿತ್ತು, ಬೆರಳ ಸಂದಿಯಲ್ಲಿ ಬೀಜ ಹಾಗೇ ಇತ್ತು.
ನಿಂತೆ. ಬ್ಯಾಟರಿ ಹಾಕಲಿಲ್ಲ.
ಹಳೆಯ ಚಾಳಿ, ಮೊದಲು ಎದೆ ನೋಡಿದೆ.
ಏಳುತ್ತಿತ್ತು. ಮತ್ತೊಮ್ಮೆ ನೋಡಿದೆ. ಏಳುತ್ತಿತ್ತು.
ಆಮೇಲೆ ಎಬ್ಬಿಸಿದೆ.

ಅರವತ್ತೊಂದು, ಎಂದರು ಕಣ್ಣು ಬಿಡುವ ಮೊದಲೇ.
ಅರವತ್ನಾಕ ಆಗ್ಯಾವ, ನಾ ಎಣಿಸೇನಿ.
ಬೀಜ ಸುಳ್ಳ ಹೇಳೂದಿಲ್ಲ.
ಬೀಜ ಹೇಳೂದಿಲ್ಲ, ಬೀಜ ಹಾಕಾವರು ಗೊರಕಿ ಹೊಡದ್ರ?

ಜಗಳ ಹರಿಯಲಿಲ್ಲ. ಎದ್ದರು.
ಮಫ್ಲರು ಬಿಗಿದುಕೊಂಡು ಚಪ್ಪಲಿಯಲ್ಲೇ ಬಂದರು.
ಆ ಮೂರು ಸುತ್ತು ನಿಧಾನ, ಬಹಳ ನಿಧಾನ,
ಅವರ ಜೇಬಿನಲ್ಲಿ ಬೀಜ ಕಲೆಸುವ ಸದ್ದು.
ಸಂಗಮದ ಕಡೆಯಿಂದ ಒಂದು ಗೂಡ್ಸು ಗಾಡಿ ಹೋಯಿತು.
ಡಬ್ಬಿಗಳನ್ನು ಎಣಿಸಿದರು, ರೈಲಿನವು,
ಐವತ್ತೆಂಟು.

ಮನೆಗೆ ಬಂದು ಸಾಕ್ಸು ಕಳಚಿದರೆ
ಎಡಗಾಲಿನ ಉಗುರೊಂದು ಒಳಗೇ ಉಳಿದಿತ್ತು.
ನಮ್ಮವರು ಅದನ್ನು ಎತ್ತಿ ಬೆಳಕಿಗೆ ಹಿಡಿದು,
ಇದನ್ನ ಎಷ್ಟು ಸುತ್ತಿಗೆ ಹಿಡೀಲಿ?