ಉಲ್ಲೇಖಪಟ್ಟಿ

ಪೊನ್ನಂಪೇಟೆಯ ಕ್ವಾರ್ಟರ್ಸಿಗೆ ಕರಡಚ್ಚು ಬಂದಿದೆ.
ಮನೆಹೆಸರು ಮೊದಲಿರಬೇಕಂತೆ, ನಿಯಮ.
ನಮ್ಮಲ್ಲಿ ಅದು ಮೊದಲೇ ಇರುತ್ತದಲ್ಲ ಮಾರಾಯರೆ!
ಆದರೂ ತಿರುಗಿಸಿದ್ದಾರೆ:
ಚೋಂದಮ್ಮ, ಕೊ.
ಐನ್‌ಮನೆ, ಕೈಮಡ, ಒಕ್ಕದ ಅಷ್ಟೂ ಜನ
ಒಂದು ಚುಕ್ಕಿಯ ಹಿಂದೆ ಒತ್ತಿಕೊಂಡು ನಿಂತಿದ್ದಾರೆ.

ಗಂಡನದು ಇತಿಹಾಸ. ಅವನಿಗೆ ಅಡಿಟಿಪ್ಪಣಿ ಸಲ್ಲುತ್ತದೆ,
ಪುಟದ ಬುಡದಲ್ಲಿ ಚಾಪೆ ಹಾಸಿ ಹರಟುತ್ತಾನೆ.
ನನ್ನದು ಅರಣ್ಯಶಾಸ್ತ್ರ:
ಕಂಸದೊಳಗೊಂದು ಇಸವಿ, ಮುಗಿಯಿತು.

ಮರದ ಹೆಸರು ಓರೆ ಅಕ್ಷರದಲ್ಲಿ.
ಅದರ ಬಾಲಕ್ಕೆ,
ಈ ಕಾಡನ್ನೇ ಕಾಣದೆ ಹೆಸರಿಟ್ಟವನ ಮೊದಲಕ್ಷರ.
ತೊಗಟೆ ಕೆರೆದು ನನ್ನ ಮೂಗಿಗೆ ಹಿಡಿದ
ಎರವರ ಚಾತ?
‘ಖಾಸಗಿ ಮಾತುಕತೆ. ಪಟ್ಟಿಗೆ ಸೇರಿಸತಕ್ಕದ್ದಲ್ಲ.’

ಕೆಂಪು ಪೆನ್ನು ಎತ್ತಿದೆ, ಅವನನ್ನು ಸೇರಿಸಲು.
ಚಾತ, ಅಲ್ಪವಿರಾಮ,
ಆಮೇಲೆ?
ಹತ್ತು ವರ್ಷದಲ್ಲಿ
ನಾನೂ ಕೇಳಿರಲಿಲ್ಲ.