ಗೈರು: ಒಂದು

ಬಿಸ್ಮಾರ್ಕಿನ ಸದನದ ಗೋಡೆಗೊಂದು ಹಲಗೆ:
ಒಪ್ಪಿದರೆ ಹಸಿರು, ಒಲ್ಲೆನೆಂದರೆ ಕೆಂಪು.
ಶಾಲಾ ಬಸ್ಸು ಓಡಿಸುತ್ತಿದ್ದ ಮಾರಿಟ್ ಸ್ಟೋರ್ಲಿಗೆ
ಮೊದಲ ವಾರವೆಲ್ಲ ಕೆಂಪು ಕಂಡರೆ
ಬಲಗಾಲು ತಾನಾಗಿ ಬ್ರೇಕು ಹುಡುಕುತ್ತಿತ್ತಂತೆ.

ಅವಳು ತಂದ ಮಸೂದೆ ನಾಲ್ಕು.
ಬಾವಿನೀರಿನ ಪರೀಕ್ಷೆ ಸಮಿತಿಯಲ್ಲೇ ಸತ್ತಿತು, ಹನ್ನೊಂದಕ್ಕೆ ಮೂರು.
ಬಸ್ಸಿನ ಹೀಟರು ಹಣಕಾಸಿನವರ ಮೇಜಿನ ಮೇಲೆ
ಫೆಬ್ರವರಿಯಿಡೀ ಹೆಪ್ಪುಗಟ್ಟಿ ಕೂತಿತು.
ಮೂರನೆಯದನ್ನು ತಾನೇ ಹಿಂತೆಗೆದುಕೊಂಡಳು, ಯಾಕೋ.
ಪಾಸಾದದ್ದು ಒಂದೇ: ಹೊಳೆಯ ಸೇತುವೆಗೆ
ಹಿಮ ತಳ್ಳುತ್ತಲೇ ಸತ್ತ ಓರ್ವಿಲ್ ಹೌಗನ ಹೆಸರು.
ಹಲಗೆಯೆಲ್ಲ ಹಸಿರೋ ಹಸಿರು.
ಖರ್ಚೇನು, ಎರಡು ತಗಡು, ಎಂಟು ಮೊಳೆ.

ಈಗ ಮತ್ತೆ ಚುನಾವಣೆ. ಮನೆಮನೆಗೆ ಅಂಚೆಯಲ್ಲಿ ಲೆಕ್ಕ:
ಹಾಕಿದ ಮತ ಆರುನೂರ ಹನ್ನೆರಡು. ಗೈರು ಒಂದು.
ಕೆಳಗೆ ದಪ್ಪ ಅಕ್ಷರದಲ್ಲಿ, ಎಲ್ಲಿದ್ದಳು?

ಸಣ್ಣ ಶಾಲೆಗಳನ್ನು ಮುಚ್ಚುವ ಮಸೂದೆ ಅಂದು.
ಶಾಲೆ ಮುಚ್ಚಿದರೆ ಬಸ್ಸಿಗೆ ಮೈಲಿ ಹೆಚ್ಚು,
ಮೈಲಿಗಿಷ್ಟು ಅಂತ ಅವಳಿಗೆ ಸಂಬಳ.

ಬಾಗಿಲು ಕಾಯುವವನು ನಾನು, ಕಂಡಿದ್ದೇನೆ:
ಮತದ ಗಂಟೆ ಬಾರಿಸುತ್ತಲೇ ಇತ್ತು,
ಓಣಿಯ ನಲ್ಲಿ ಒತ್ತಿ ಹಿಡಿದು, ಕುಡಿಯದೆ,
ನೀರು ಹರಿಯುವುದನ್ನೇ ನೋಡುತ್ತ ಬಾಗಿದ್ದಳು.
ಗಂಟೆ ನಿಂತಿತು. ಒದ್ದೆ ಕೈ ಕೋಟಿಗೆ ಒರೆಸಿಕೊಂಡು
ನನ್ನ ಕಡೆ ಬಂದಳು.
ನಾನು ಬಾಗಿಲು ತೆರೆದೆ.