ಅಡ್ಮಿನ್ ಎಂಬವರು ಈ ಮನೆಯಲ್ಲಿಲ್ಲ

ಪಾಲಿಟೆಕ್ನಿಕ್ಕಿನ ಹರಾಜಿನಲ್ಲಿ ಎಂಟುನೂರಕ್ಕೆ ಸಿಕ್ಕ ಲ್ಯಾಪ್‌ಟಾಪು.
ತೆರೆ ಒಡೆದಿದೆ, ಮೂರು ಕೀಲಿ ಇಲ್ಲ.
ಅಡುಗೆಮನೆಯ ಅಟ್ಟದಲ್ಲಿ, ಹುಣಸೆಹಣ್ಣಿನ ಭರಣಿಗೂ
ಇನ್ನೂ ಬಿಚ್ಚದ ಡಿನ್ನರ್ ಸೆಟ್ಟಿಗೂ ನಡುವೆ
ಬಾಯಿ ಮುಚ್ಚಿಕೊಂಡೇ ಕೂತು ಮೂರು ವರ್ಷ,
ಒಂದೇ ಸಮ ಗುಂಯ್ ಅಂತ.
ಮೆಣಸಿನಕಾಯಿ ಹುರಿಯುವ ದಿನ ನಾನಾದರೆ ಹಿತ್ತಲಿಗೆ ಓಡಬಹುದು,
ಅದು ಓಡಲಾರದು;
ಒಲೆಯನ್ನೇ ಹಿತ್ತಲಿಗೆ ಒಯ್ದೆ.

ಅದರ ಕೆಲಸ ಇಷ್ಟೇ:
ಅರಸೀಕೆರೆಯ ಯಾವ ಬೀದಿಗೆ ಇವತ್ತು ನೀರು, ಯಾವುದಕ್ಕೆ ನಾಳೆ,
ಯಾವುದಕ್ಕೆ ಇನ್ನೂ ಐದು ದಿನ ಕೊಡ ಬೋರಲು.

ಚಿಕ್ಕೀರಯ್ಯ ವಾಲ್ವು ತಿರುಗಿಸಿ,
ಆಳುದ್ದದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿ
ಮಿಸ್ಡ್ ಕಾಲ್ ಕೊಡುತ್ತಾನೆ.
ಒಂದು ಸಲ ರಿಂಗಾದರೆ ಹಾಸನ ರಸ್ತೆ ಕಡೆ,
ಎರಡಾದರೆ ರೈಲ್ವೆ ಗೇಟಿನಾಚೆ.
ಅವನ ತಾತ ಕೆರೆಯ ತೂಬು ಕಾಯುತ್ತಿದ್ದ ನೀರುಗಂಟಿ.
ಗದ್ದೆಗೆ ಸರದಿ ತಪ್ಪಿದರೆ ಮಚ್ಚು ಹಿಡಿದು ಬರುತ್ತಿದ್ದರಂತೆ.
ಈಗ ಬರೀ ಬೈತಾರೆ, ಅಂತಾನೆ. ಪರವಾಗಿಲ್ಲ.

ನಮ್ಮ ಲೈನು ಒಳಗೆ ಬರುವುದಕ್ಕೆ ನೂರು, ಹೊರಗೆ ಹೋಗುವುದಕ್ಕೆ ಹತ್ತು.
ಮನೆ ಅಂದರೆ ತಗೊಳ್ಳುವ ಜಾಗ ಎಂದು ಕಂಪನಿ ತಿಳಿದಿದೆ.
ಸಿನಿಮಾ ತಗೊಳ್ಳಿ, ಕ್ರಿಕೆಟ್ ತಗೊಳ್ಳಿ,
ಕೊಡಲಿಕ್ಕೆ ನಿಮ್ಮಲ್ಲೇನಿದೆ?
ಬೀದಿಯ ಹೆಸರು, ವಾರ, ಹೊತ್ತು:
ಸಾಸಿವೆ ಡಬ್ಬಿಯಲ್ಲಿ ಹಿಡಿಸುವಷ್ಟು. ಹತ್ತು ಸಾಕಾಗಿ ಮಿಗುತ್ತದೆ.

ವಿಳಾಸದ್ದೇ ಕಷ್ಟ.
ನಗರಸಭೆ ಬಾಗಿಲಿಗೆ ಬಡಿದ ತಗಡಿನ ನಂಬರು ಇಪ್ಪತ್ತು ವರ್ಷದಿಂದ ಅದೇ;
ಲೈನಿನ ನಂಬರು ಮಾತ್ರ ಕರೆಂಟು ಹೋಗಿಬಂದಾಗೆಲ್ಲ ಬೇರೆ.
ಐದೈದು ನಿಮಿಷಕ್ಕೆ ಎದ್ದು,
ನಾನೀಗ ಎಲ್ಲಿದ್ದೇನೆ ಎಂದು ಹೊರಗಿನವರನ್ನು ಕೇಳಿ,
ಬದಲಾಗಿದ್ದರೆ ಹೆಸರಿನ ಕಚೇರಿಗೆ ಹೇಳಿಬರುವ
ಹನ್ನೊಂದು ಸಾಲು ಬರೆದಿಟ್ಟೆ.
ಬಾಡಿಗೆ ಮನೆಗಳಲ್ಲಿ ಬೆಳೆದವಳು ನಾನು.
ಪೋಸ್ಟಾಫೀಸಿಗೆ ಹೋಗಿ ಹೊಸ ಮನೆ ಹೇಳಿಬರುವುದು
ಆಗಲೂ ನನ್ನ ಪಾಲಿಗೇ ಬೀಳುತ್ತಿತ್ತು.

ನಿದ್ದೆ ಬಾರದ ಸರಹೊತ್ತಿನಲ್ಲಿ ಲಾಗ್ ಓದುತ್ತೇನೆ.
ಹೆಸರು ಕೇಳಿರದ ಊರುಗಳಿಂದ ಬಂದು
ಒಂದೇ ರಾತ್ರಿ ನಾಲ್ಕು ಸಾವಿರ ಸಲ ಬಾಗಿಲು ಬಡಿದಿದ್ದಾರೆ.
ಅಡ್ಮಿನ್ ಇದ್ದಾರಾ? ಅಡ್ಮಿನ್?
ರೂಟ್? ಟೆಸ್ಟ್? ಗೆಸ್ಟ್?
ಅಪ್ಪಾ, ಆ ಹೆಸರಿನವರು ಈ ಮನೆಯಲ್ಲಿಲ್ಲ.

ಆ ನೂಕುನುಗ್ಗಲಿನ ನಡುವೆ, ಬೆಳಗಿನ ನಾಲ್ಕೂ ಐವತ್ತಕ್ಕೆ,
ಯಾರೋ ಒಬ್ಬರು ಮೆಲ್ಲನೆ ಬಂದು
ಒಂದೇ ಒಂದು ಬೀದಿ ನೋಡಿಕೊಂಡು ಹೋಗಿದ್ದಾರೆ.
ದಿನಾ ಅದೇ ಹೊತ್ತು. ಯಾರೆಂದು ತಿಳಿಯದು.
ಮನೆಯಲ್ಲಿ ಖಾಲಿ ಕೊಡವಂತೂ ಇದೆ.

ಕೇಬಲ್ಲಿನ ಮುದಸ್ಸಿರ್ ಬಂದಿದ್ದ.
ಮೇಡಂ, ಮನೆ ಪ್ಲಾನಲ್ಲಿ ಸರ್ವರ್ ಇಡೋ ಹಾಗಿಲ್ಲ,
ಕಾಗದದಲ್ಲಿದೆ, ಹದಿನಾರನೇದು.
ಕತ್ತೆತ್ತಿ ಅಟ್ಟ ನೋಡಿದ.
ಅಟ್ಟವೂ ಹಸಿರು ಕಣ್ಣು ಮಿಟುಕಿಸಿ ಅವನನ್ನು ನೋಡಿತು.
ಕಾಫಿ ಕುಡಿದ. ಅಳಿಲು ಕಡಿದ ಕಡೆ ತಂತಿ ಬೆಸೆದ.
ಮೆಟ್ಟಿಲಿಳಿದು, ಚಪ್ಪಲಿ ಹಾಕುತ್ತ,
ನಮ್ಮ ಕಡೆ ಗುರುವಾರಾನಾ, ಶುಕ್ರವಾರಾನಾ? ಅಂದ.

ನಿನ್ನೆ ರಾತ್ರಿ ಒಂಬತ್ತೂವರೆಗೆ ಕರೆಂಟು ಹೋಯಿತು.
ಯುಪಿಎಸ್ಸು ಹದಿನಾಲ್ಕು ನಿಮಿಷ ಕೀಂ ಕೀಂ ಎಂದು ಕೂಗಿ ಸುಮ್ಮನಾಯಿತು.
ಗುಂಯ್ ನಿಂತ ಮೇಲೆ ಕೇಳಿದ್ದು
ಹಿತ್ತಲ ನಲ್ಲಿಯ ಸೀನು. ಬುಸ್. ಬುಸ್.
ಆಮೇಲೆ ನೀರು.

ನಮ್ಮ ಬೀದಿಗೆ ನಾಳೆ ಎಂದು ಬರೆದವಳು ನಾನೇ.
ತಿದ್ದೋಣವೆಂದರೆ ಅಟ್ಟದಲ್ಲಿ ಯಾರೂ ಎಚ್ಚರವಿಲ್ಲ.
ಟಾರ್ಚು ಹಿಡಿದು ಹೊರಟೆ.
ಹೊಲಿಗೆ ಥಾಮಸಪ್ಪನ ಕಿಟಕಿ,
ಮಹಡಿಯ ಹೊಸ ಬಾಡಿಗೆಯವರು, ಹೆಸರಿನ್ನೂ ಕೇಳಿಲ್ಲ,
ಕೊನೆಗೆ ಲೋಕಮಾತೆಯವರ ಬಾಗಿಲು.
ಬೆರಳ ಗೆಣ್ಣು ನೋಯುವಷ್ಟು ಬಡಿದೆ.

ಯಾರದು? ಎಂದಿತು ಒಳಗಿನ ಕತ್ತಲು.
ನಾನು, ಅಂದೆ. ನೀರು ಬಂದಿದೆ.

ಅಗುಳಿ ಸರಿಸಿ, ಕೊಡ ಸೊಂಟಕ್ಕೆ ಏರಿಸಿ,
ನನ್ನನ್ನು ದಾಟಿ ಹೋಗುತ್ತ ಲೋಕಮಾತೆ:
ನಾಳೆ ಅಂತ ಇತ್ತಲ್ರೀ ನಿಮ್ಮದರಲ್ಲಿ?